ಮಾತ್ರೆ ಬದಲಾದರೆ ಹೊಣೆ ಯಾರದು?

ಹಾವೇರಿ ಕಡೆಯ ಓದುಗರೊಬ್ಬರ ಪತ್ರ: ನಮ್ಮ ತಂದೆಗೆ ಡಾಕ್ಟರ್ ಬಿ.ಪಿ. ಮಾತ್ರೆ ಬರೆದಿದ್ದರು. ಮೆಡಿಕಲ್ ಶಾಪಿನಲ್ಲಿ ಶುಗರ್‌ಗೆ ಕೊಡುವ ಗ್ಲಿಮೆಪಿರೈಡ್ ಕೊಟ್ಟುಬಿಟ್ಟರು. ಅಪ್ಪನಿಗೆ ಶುಗರ್ ಇಲ್ಲವೇ ಇಲ್ಲ. ಎರಡನೇ ದಿನ ಮೈಯೆಲ್ಲ ಬೆವತು ಕುಸಿದುಬಿದ್ದರು, ಆಸ್ಪತ್ರೆಗೆ ಸೇರಿಸಬೇಕಾಯಿತು. ಅಂಗಡಿಯವರನ್ನು ಕೇಳಿದರೆ, ‘ಡಾಕ್ಟರ್ ಅಕ್ಷರ ಹಾಗಿದೆ, ನೀವಾದ್ರೂ ನೋಡಿ ತಗೋಬೇಕಿತ್ತು. ಉಳಿದ ಮಾತ್ರೆ ತನ್ನಿ, ದುಡ್ಡು ವಾಪಸ್ ಕೊಡ್ತೀವಿ’ ಅಂತಾರೆ. ಇದಕ್ಕೆ ಕಾನೂನಿನಲ್ಲಿ ದಾರಿ ಇದೆಯಾ?

ಸಂಪಾದಕರ ಉತ್ತರ: ಇದೆ. ಮೊದಲ ಮಾತು, ಉಳಿದ ಮಾತ್ರೆಗಳನ್ನು ಯಾವ ಕಾರಣಕ್ಕೂ ವಾಪಸ್ ಕೊಡಬೇಡಿ. ನಿಮ್ಮ ಕೇಸು ನಿಂತಿರುವುದೇ ಆ ಸ್ಟ್ರಿಪ್ ಮೇಲೆ.

ಅಕ್ಷರ ಅರ್ಥವಾಗಲಿಲ್ಲ ಎನ್ನುವುದು ನೆಪ ಅಷ್ಟೆ. ಅರ್ಥವಾಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕಿತ್ತು, ಊಹೆಯ ಮೇಲೆ ಕೊಡುವ ಹಾಗಿಲ್ಲ. 1945ರ ಔಷಧ ನಿಯಮಗಳ 65ನೇ ನಿಯಮದ ಪ್ರಕಾರ, ಚೀಟಿ ನೋಡಿ ಕೊಡುವ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟೇ ಕೊಡಬೇಕು, ಇಲ್ಲವೇ ಅವರ ಕಣ್ಣೆದುರೇ ಕೊಡಿಸಬೇಕು. ಆ ಹೊತ್ತಿನಲ್ಲಿ ಕೌಂಟರಿನಲ್ಲಿ ಇದ್ದವರು ಯಾರು, ನೆನಪು ಮಾಡಿಕೊಳ್ಳಿ. ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟ್, ಮಾತ್ರೆ ಎಣಿಸಿಕೊಡುವ ಹುಡುಗ ಇನ್ನೊಬ್ಬ. ಈ ಬಾಡಿಗೆ ಸರ್ಟಿಫಿಕೇಟ್ ವ್ಯವಹಾರ ನಮ್ಮ ಊರುಗಳಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ! ತಪ್ಪು ಮಾಡಿದ್ದು ಹುಡುಗನೇ ಆದರೂ ಪರಿಹಾರ ಕೊಡಬೇಕಾದವರು ಮಾಲೀಕರು.

‘ನೀವು ನೋಡಿ ತಗೋಬೇಕಿತ್ತು’ ಎನ್ನುವ ಮಾತು ನನಗೆ ಸಿಟ್ಟು ತರಿಸುತ್ತದೆ. ಔಷಧಿಯ ಹೆಸರು ಓದಿ ಗುರುತಿಸುವುದು ಬಲ್ಲವರಿಗೇ ಕಷ್ಟ. 2001ರಲ್ಲಿ ಫಾಲ್ಸಿಗೋ, ಫಾಲ್ಸಿಟ್ಯಾಬ್ ಎಂಬ ಎರಡು ಮಲೇರಿಯಾ ಔಷಧಿಗಳ ಹೆಸರಿನ ಜಗಳ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಎರಡೂ ಕಂಪನಿಗಳ ಹೆಸರಿನಲ್ಲಿ ‘ಕ್ಯಾಡಿಲಾ’ ಇತ್ತು ಅನ್ನೋದು ಇನ್ನೊಂದು ತಮಾಷೆ. ಔಷಧಿಯ ಹೆಸರು ಅದಲುಬದಲಾದರೆ ಜೀವಕ್ಕೇ ಅಪಾಯ, ಆದ್ದರಿಂದ ಬೇರೆ ಸಾಮಾನಿಗಿಂತ ಇಲ್ಲಿ ಹೆಚ್ಚು ಬಿಗಿ ಇರಬೇಕು ಎಂದು ಕೋರ್ಟ್ ಹೇಳಿತು. ಹೀಗಿರುವಾಗ ವಯಸ್ಸಾದ ನಿಮ್ಮ ತಂದೆ ಕನ್ನಡಕ ಹಾಕಿಕೊಂಡು ಸ್ಟ್ರಿಪ್ ಹಿಂದಿನ ಸಣ್ಣಕ್ಷರ ಓದಬೇಕಿತ್ತಂತೆ!

ಈಗ ಬಿಲ್ ತೆಗೆದು ನೋಡಿ. ಅದರಲ್ಲಿ ಗ್ಲಿಮೆಪಿರೈಡ್ ಎಂದೇ ಇದ್ದು, ಬ್ಯಾಚ್ ನಂಬರ್ ಸ್ಟ್ರಿಪ್ ಮೇಲಿನದಕ್ಕೆ ಹೊಂದಿದರೆ ಅಂಗಡಿಯವರಿಗೆ ವಾದ ಮಾಡಲು ಜಾಸ್ತಿ ಏನೂ ಉಳಿಯುವುದಿಲ್ಲ. ತೊಡಕಾಗುವುದು ಬಿಲ್ಲಿನಲ್ಲಿ ಸರಿಯಾದ ಮಾತ್ರೆ ಇದ್ದು, ಕೈಗೆ ಬೇರೆಯದು ಬಂದಿದ್ದಾಗ. ‘ಇದು ನಮ್ಮ ಅಂಗಡಿಯದ್ದೇ ಅಲ್ಲ’ ಅಂದುಬಿಡಬಹುದು. ಆದರೆ ಆ ಬ್ಯಾಚಿನ ಮಾಲು ಅವರಿಗೆ ಬಂದಿತ್ತೋ ಇಲ್ಲವೋ ಎನ್ನುವುದು ಡಿಸ್ಟ್ರಿಬ್ಯೂಟರ್ ಕೊಟ್ಟ ಇನ್‌ವಾಯ್ಸ್‌ನಲ್ಲಿ ಇರುತ್ತದೆ. ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರಿಗೆ ಬರೆದು ಕೊಟ್ಟರೆ ಔಷಧ ಇನ್‌ಸ್ಪೆಕ್ಟರ್ ಹೋಗಿ ಆ ದಾಖಲೆ ತೆಗೆಸಬಹುದು. ತಪ್ಪು ದೊಡ್ಡದಾದರೆ ಲೈಸೆನ್ಸ್ ಅಮಾನತು, ರದ್ದತಿಯವರೆಗೂ ಹೋಗಬಹುದು. ಹಾಗಂತ ಅಲ್ಲಿ ನಿಮಗೆ ದುಡ್ಡು ಸಿಗುವುದಿಲ್ಲ.

ಪರಿಹಾರಕ್ಕೆ ಹೋಗಬೇಕಾದದ್ದು ಜಿಲ್ಲಾ ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಶುಲ್ಕದ ಲೆಕ್ಕ ನೀವು ಕೊಂಡದ್ದರ ಬೆಲೆಯ ಮೇಲೆ, ಕೇಳುವ ಪರಿಹಾರದ ಮೇಲಲ್ಲ. 5 ಲಕ್ಷ ರೂಪಾಯಿವರೆಗೆ ಶುಲ್ಕವೇ ಇಲ್ಲ, ಮಾತ್ರೆಯ ಬೆಲೆ ಎಷ್ಟಿದ್ದೀತು? ವಕೀಲರು ಇರಲೇಬೇಕೆಂದಿಲ್ಲ. ಹೇಗೆ ಶುರು ಮಾಡಬೇಕೆಂದು ಗೊತ್ತಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಿ. ತಂದೆಯವರ ಜೀವಕ್ಕೇ ಅಪಾಯವಾಗಿದ್ದರಿಂದ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ ಪೊಲೀಸ್ ದೂರಿಗೂ ಅವಕಾಶ ಇದೆ. ಆದರೆ ಕ್ರಿಮಿನಲ್ ಕೇಸಿನಲ್ಲಿ ಬೇಕಾಗುವ ಸಾಕ್ಷ್ಯದ ಮಟ್ಟವೇ ಬೇರೆ. ನನ್ನನ್ನು ಕೇಳಿದರೆ ಮೊದಲು ಆಯೋಗ.

ಒಂದು ಎಚ್ಚರಿಕೆ. ತಪ್ಪು ಮಾತ್ರೆ ಕೊಟ್ಟರೆಂದು ತೋರಿಸುವುದು ಸುಲಭ, ಅದರಿಂದಲೇ ಕುಸಿದರು ಎಂದು ತೋರಿಸುವುದು ಕಷ್ಟ. ಪರಿಹಾರದ ಮೊತ್ತ ಏರುವುದೂ ಇಳಿಯುವುದೂ ಇದರ ಮೇಲೆ. ಡಿಸ್ಚಾರ್ಜ್ ಸಮರಿಯಲ್ಲಿ ದಾಖಲಾಗುವಾಗ ಶುಗರ್ ಎಷ್ಟಿತ್ತು, ಯಾವ ಮಾತ್ರೆ ನುಂಗಿದ್ದರು ಎಂದು ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಇವತ್ತೇ ಆಸ್ಪತ್ರೆಗೆ ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟಿನ ನಕಲು ಪಡೆಯಿರಿ. ದೂರು ಕೊಡಲು ಘಟನೆಯಿಂದ 2 ವರ್ಷ ಸಮಯ ಇದೆ. ಆದರೆ ಥರ್ಮಲ್ ಪೇಪರಿನ ಬಿಲ್ ಅಷ್ಟು ದಿನ ಬಾಳುವುದಿಲ್ಲ, ಅಕ್ಷರ ಮಾಸುವ ಮೊದಲೇ ಜೆರಾಕ್ಸ್ ಮಾಡಿಸಿಡಿ.