ಹಳೆಯ ಪೋಸ್ಟ್‌ಕಾರ್ಡ್‌ಗಳಲ್ಲಿರುವ ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಮಕ್ಕಳ ಮತ್ತು ಕುಟುಂಬಗಳ ಚಿತ್ರಗಳು ಅವರ ನಿಜವಾದ ಬದುಕನ್ನು ತೋರಿಸುತ್ತವೆಯೇ?

ಭಾಗಶಃ ಮಾತ್ರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಮೆರಿಕದ ನೈಋತ್ಯ ಭಾಗದ ಸಾಂಟಾ ಫೆ ರೈಲುಮಾರ್ಗದುದ್ದಕ್ಕೂ ಹೋಟೆಲುಗಳನ್ನೂ ಅಂಗಡಿಗಳನ್ನೂ ನಡೆಸುತ್ತಿದ್ದ ಫ್ರೆಡ್ ಹಾರ್ವೆ ಕಂಪನಿಯು ಇಂತಹ ಕಾರ್ಡುಗಳನ್ನು ಡೆಟ್ರಾಯಿಟ್ ಪಬ್ಲಿಷಿಂಗ್ ಕಂಪನಿಯಿಂದ ಮುದ್ರಿಸಿಕೊಂಡು ಪ್ರವಾಸಿಗರಿಗೆ ಮಾರುತ್ತಿತ್ತು. ಕಪ್ಪು-ಬಿಳುಪಿನ ಫೋಟೊಗಳಿಗೆ ಮುದ್ರಣದ ಹಂತದಲ್ಲಿ ಬಣ್ಣ ಸೇರಿಸುತ್ತಿದ್ದುದರಿಂದ, ಕಂಬಳಿಯ ಕೆಂಪನ್ನು ಸಾಕ್ಷ್ಯವೆಂದು ನಂಬಲಾಗದು. ಆದರೆ ಮಗುವನ್ನು ಬಿಗಿದು ಕಟ್ಟುವ ಮರದ ಹಲಗೆಯ ತೊಟ್ಟಿಲು, ಪೂರ್ವಕ್ಕೆ ಬಾಗಿಲಿರುವ ಹೋಗನ್ ಎಂಬ ಮನೆ, ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತ ತಾಯಿ, ಕುರಿ ಕಾಯುವ ಮಕ್ಕಳು, ಇವೆಲ್ಲ ಅವರ ದಿನನಿತ್ಯದ ಬದುಕಿಗೇ ಸೇರಿದವು.

ನನ್ನನ್ನು ನೋಯಿಸುವುದು ಅಲ್ಲಿ ಇಲ್ಲದಿರುವ ಸಂಗತಿಗಳು. ಎಷ್ಟೋ ಕಾರ್ಡುಗಳಲ್ಲಿ ಮಗುವಿನ ಹೆಸರೇ ಇಲ್ಲ. ಅಮೆರಿಕದ ಸೈನ್ಯವು 1864ರಲ್ಲಿ ಬಲವಂತವಾಗಿ ನಡೆಸಿಕೊಂಡು ಹೋಗಿ ನ್ಯೂ ಮೆಕ್ಸಿಕೊದ ಬಾಸ್ಕ್ ರೆಡೊಂಡೊ ಎಂಬಲ್ಲಿ ಕೂಡಿಹಾಕಿದ್ದ ಈ ಜನರು 1868ರ ಒಪ್ಪಂದದ ಬಳಿಕವಷ್ಟೇ ತಾಯ್ನೆಲಕ್ಕೆ ಮರಳಿದ್ದರು. ಕಾರ್ಡುಗಳು ಮಾರಾಟವಾಗುತ್ತಿದ್ದ ಕಾಲದಲ್ಲಿಯೇ ಅನೇಕ ಮಕ್ಕಳನ್ನು ಮನೆಯಿಂದ ದೂರದ ವಸತಿಶಾಲೆಗಳಿಗೆ ಸೇರಿಸಿ, ಕೂದಲು ಕತ್ತರಿಸಿ, ತಾಯ್ನುಡಿಯನ್ನಾಡದಂತೆ ತಡೆಯಲಾಗುತ್ತಿತ್ತು.

ನಿಮ್ಮ ಬಳಿಯಿರುವ ಕಾರ್ಡಿನ ಹಿಂಬದಿಯಲ್ಲಿ ವಿಳಾಸಕ್ಕೂ ಸಂದೇಶಕ್ಕೂ ನಡುವೆ ಗೆರೆಯಿದ್ದರೆ, ಅದು ಸಾಮಾನ್ಯವಾಗಿ 1907ರದ್ದು ಅಥವಾ ಅದರ ನಂತರದ್ದು.