ಮೂರನೇ ಕಾಲಂ ಖಾಲಿ ಉಳಿದರೆ

ಪ್ರಶ್ನೆ: ನಮ್ಮದು ಬಾಗೇಪಲ್ಲಿ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆ, ಇರುವುದು ಇಬ್ಬರೇ ಶಿಕ್ಷಕಿಯರು. ಚಟುವಟಿಕೆ ಮೂಲಕ ಕಲಿಸುವ ನಲಿ-ಕಲಿ, ಬಿಸಿಯೂಟದ ಲೆಕ್ಕ, ಮಕ್ಕಳ ವಿವರವನ್ನು ಆನ್‌ಲೈನ್‌ನಲ್ಲಿ ತುಂಬುವ ಸ್ಯಾಟ್ಸ್ ಎಂಟ್ರಿ ಎಲ್ಲಾ ನಮ್ಮ ತಲೆ ಮೇಲೇ. ಮನೆಯಲ್ಲಿ ತೆಲುಗಾಡುವ ಮಕ್ಕಳು ಕನ್ನಡ ಓದಲು ತಡವರಿಸಿದರೆ ಆ ರಾತ್ರಿ ನನಗೆ ನಿದ್ದೆಯಿಲ್ಲ. 'ಎಲ್ಲಾ ನಾವು ನೋಡೋ ದೃಷ್ಟೀಲಿದೆ ಮೇಡಂ' ಅನ್ನುತ್ತಾರೆ ಸಹೋದ್ಯೋಗಿ. ನಿಜವೇ?

ಉತ್ತರ: ಅರ್ಧ ನಿಜ, ಮೇಡಂ. ಮನಶ್ಶಾಸ್ತ್ರಜ್ಞರಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲೇ ವಿವರಿಸಿದಂತೆ, ಏನೇ ನಡೆದರೂ ಮನಸ್ಸು ಎರಡು ಲೆಕ್ಕ ಹಾಕುತ್ತದೆ: ಇದರಿಂದ ನನಗೇನು ಕುತ್ತು? ಎದುರಿಸಲು ನನ್ನ ಕೈಲೇನಿದೆ? ದೃಷ್ಟಿಕೋನ ಕೆಲಸ ಮಾಡುವುದು ಇಲ್ಲಿ. ಮಗು ನೀರಿನ ಚಿತ್ರ ನೋಡಿ 'ನೀಳ್ಳು' ಎಂದಿತು ಅನ್ನಿ. 'ನನ್ನ ಪಾಠವೆಲ್ಲ ದಂಡ' ಎಂದುಕೊಂಡರೆ ರಾತ್ರಿ ನಿದ್ದೆ ಕೆಡುತ್ತದೆ. 'ಅರ್ಥ ಗೊತ್ತಿದೆ, ಕನ್ನಡದ ಪದ ಬೇಕು' ಎಂದುಕೊಂಡರೆ ನಾಳೆಯ ಕೆಲಸ ಸಿಗುತ್ತದೆ: ನೀಳ್ಳು–ನೀರು, ಪಾಲು–ಹಾಲು ಎಂದು ಜೋಡಿ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್).

ಎರಡು ವಾರ ಹೀಗೆ ಮಾಡಿ. ಶಾಲೆ ಬಿಟ್ಟ ಮೇಲೆ, ಬಸ್ಸು ಹತ್ತುವ ಮೊದಲು, ಐದೇ ನಿಮಿಷ. ಪುಟಕ್ಕೆ ಮೂರು ಕಾಲಂ: ನಡೆದದ್ದು, ಅಂದುಕೊಂಡದ್ದು, ನನ್ನ ಕೈಲಿರುವುದು. ದಿನಕ್ಕೆ ಒಂದೇ ಘಟನೆ. ಬಹಳ ಜನ ಮೊದಲ ಕಾಲಂನಲ್ಲೇ ಎಡವುತ್ತಾರೆ; 'ಮಕ್ಕಳಿಗೆ ಆಸಕ್ತಿಯೇ ಇಲ್ಲ' ಎಂದು ಬರೆಯುತ್ತಾರೆ. ಅದು ಅಂದುಕೊಂಡದ್ದು. 'ಹತ್ತರಲ್ಲಿ ಆರು ಪದ ಓದಿದ' ಎಂಬುದು ನಡೆದದ್ದು. ಆದರೆ ಮಲಗುವ ಹೊತ್ತಿನಲ್ಲಿ ಬರೆಯಬೇಡಿ, ಅದೇ ಯೋಚನೆ ಮತ್ತೆ ತಲೆಯಲ್ಲಿ ಸುತ್ತತೊಡಗಬಹುದು.

ಇನ್ನರ್ಧ ಇರುವುದು ಮೂರನೇ ಕಾಲಂ ಖಾಲಿ ಉಳಿದ ಸಾಲುಗಳಲ್ಲಿ. ನಾಲ್ವರ ಕೆಲಸ ಇಬ್ಬರ ಮೇಲೆ ಬಿದ್ದರೆ ಯಾವ ದೃಷ್ಟಿಕೋನವೂ ಅದನ್ನು ಇಳಿಸದು. ಅದನ್ನು ನಿಮ್ಮ ಮನಸ್ಸಿನ ದೌರ್ಬಲ್ಯ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಯಾವ ಕೆಲಸಕ್ಕೆ ವಾರಕ್ಕೆಷ್ಟು ಗಂಟೆ ಹೋಯಿತೆಂದು ಬರೆದು, ಇಬ್ಬರೂ ಸಹಿ ಹಾಕಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬರಿಯ 'ಕಷ್ಟವಾಗಿದೆ' ಎಂಬ ಮನವಿಗಿಂತ ಗಂಟೆಯ ಲೆಕ್ಕಕ್ಕೆ ತೂಕ ಹೆಚ್ಚು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್. ಅಂಥದ್ದು ಪಟ್ಟಿಯಲ್ಲಿದ್ದರೆ ಸೆಕ್ಷನ್ ನಮೂದಿಸಿ.

ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಮಕ್ಕಳ ಮುಖ ಕಂಡರೇ ಸಿಡುಕು ಬರುವಂತಾದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.