ಮಕ್ಕಳ ಮಾತಿಗೆ ಜಾಗ ಎಲ್ಲಿದೆ?

ಪ್ರಶ್ನೆ: ಕೋಲಾರದ ಬಾಲಮಂದಿರವೊಂದರಲ್ಲಿ ಭಾನುವಾರ ಗಣಿತ ಹೇಳಿಕೊಡುತ್ತೇನೆ. ಡಿಪ್ಲೊಮಾ ಓದಬೇಕೆಂಬ 16 ವರ್ಷದ ಹುಡುಗಿಯನ್ನು ಕೇಳದೆಯೇ ಹೊಲಿಗೆ ತರಬೇತಿಗೆ ಸೇರಿಸಿದ್ದಾರೆ. ಅವಳ ಅಭಿಪ್ರಾಯಕ್ಕೆ ಬೆಲೆಯಿಲ್ಲವೇ?
— ಓದುಗರು, ಕೋಲಾರ

ಉತ್ತರ: ಖಂಡಿತ ಇದೆ. ತನಗೆ ಸಂಬಂಧಿಸಿದ ಪ್ರತಿ ನಿರ್ಧಾರದಲ್ಲೂ ಮಾತನಾಡುವ ಹಕ್ಕು ಮಗುವಿಗಿದೆ ಎಂದು 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಮು ಹೇಳುತ್ತದೆ. ಪ್ರತಿ ಮಗುವಿನ ವೈಯಕ್ತಿಕ ಪಾಲನಾ ಯೋಜನೆಯನ್ನು, ಅಂದರೆ ಆರೈಕೆ, ಓದು, ತರಬೇತಿಗಳ ಯೋಜನೆಯನ್ನು, ಆ ಮಗುವಿನೊಡನೆ ಸಮಾಲೋಚಿಸಿಯೇ ಸಿದ್ಧಪಡಿಸಬೇಕು. ಆದ್ದರಿಂದ ಅವಳ ಯೋಜನೆಯಲ್ಲಿ ಏನು ಬರೆದಿದೆ ಎಂದು ಅಧೀಕ್ಷಕರನ್ನು ವಿನಯದಿಂದ ಕೇಳಿ. ಅಲ್ಲಿ ಬಗೆಹರಿಯದಿದ್ದರೆ ಅವಳೇ ಇಂಥ ಮಕ್ಕಳ ಪಾಲನೆಯ ಬಗ್ಗೆ ನಿರ್ಧರಿಸುವ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೇಳಿಕೊಳ್ಳಲು ನೆರವಾಗಿ, ಆದರೆ ಅವಳ ಪರವಾಗಿ ನೀವೇ ಮಾತನಾಡಿಬಿಡಬೇಡಿ.

ಇದೇ ಕಾಯ್ದೆಯಡಿಯ 2016ರ ಮಾದರಿ ನಿಯಮಗಳು ಬಾಲಮಂದಿರದ ಮಕ್ಕಳೇ ಸದಸ್ಯರಾಗಿರುವ ಮಕ್ಕಳ ಸಮಿತಿಗಳನ್ನೂ ಸಲಹಾ ಪೆಟ್ಟಿಗೆಯನ್ನೂ ಸೂಚಿಸಿವೆ. ಪೆಟ್ಟಿಗೆ ಕಚೇರಿಯಿಂದ ದೂರ, ಮಕ್ಕಳು ಮಲಗುವ ಕೋಣೆಗಳ ಹತ್ತಿರ ಇರಬೇಕು. ವಾರಕ್ಕೊಮ್ಮೆ ಮಕ್ಕಳ ಸಮಿತಿಯ ಸದಸ್ಯರ ಎದುರಿನಲ್ಲೇ ತೆರೆಯಬೇಕು. ಈ ವಿವರ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಯಾರ ಮೇಲೆ ದೂರಿದೆಯೋ ಅವರ ಕಣ್ಣೆದುರಿನ ಪೆಟ್ಟಿಗೆಗೆ ಯಾವ ಮಗುವೂ ಚೀಟಿ ಹಾಕದು. ಹದಿನೆಂಟು ತುಂಬಿದ ಮೇಲೂ 21ರವರೆಗೆ ಅನುಪಾಲನಾ ನೆರವು, ಅಂದರೆ ಬಾಲಮಂದಿರ ಬಿಟ್ಟ ಮೇಲಿನ ನೆರವು, ದೊರೆಯಬಹುದು. ಡಿಪ್ಲೊಮಾದ ಮಾತನ್ನು ಈಗಲೇ ಯೋಜನೆಗೆ ಸೇರಿಸುವಂತೆ ಅವಳು ಕೇಳಲಿ.